ಎಡಕ್ಕೆ ಬಿದ್ದ ಹೂವು

ದೇವನಹಳ್ಳಿ
ಕಾರ್ತಿಕ ಸೋಮವಾರ, ಬೆಳಿಗ್ಗೆ

ತಮ್ಮ ಮುನಿರಾಜನಿಗೆ,

ಮನೆದೇವರ ಮುಂದೆ ದೀಪ ಹಚ್ಚಿ, ನಿನ್ನ ಹೆಸರಿನಲ್ಲೂ ಒಂದು ಬತ್ತಿ ಇಟ್ಟು, ನಿನ್ನ ಅಕ್ಕ ಅಂಜಿನಮ್ಮ ಬರೆಯುವ ಕಾಗದ ಇದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಚಿಕ್ಕಂದಿನಿಂದಲೂ ಮಾತಿನ ನಡುವೆ ಅಳುವವನು. ನೀನು ಅತ್ತರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ತಂದುಕೊಡುವವನ ಕೈಯಲ್ಲಿ ಒಂದು ಚೀಲವಿದೆ. ಅದರಲ್ಲಿರುವುದು ವೀಳ್ಯಶಾಸ್ತ್ರದ ದಿನ ನಿನ್ನ ಹೆಂಡತಿ ನನಗೆ ಉಡಿಸಿದ ಸೀರೆ. ಒಂದೇ ಸಲ ಉಟ್ಟದ್ದು. ಒಗೆಸಿ, ಇಸ್ತ್ರಿ ಮಾಡಿಸಿದ್ದೇನೆ.

ಸೀರೆ ವಾಪಸು ಬಂತು ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ನಿನ್ನ ಮಗಳು ಬಿಂದುಶ್ರೀಯನ್ನು ನನ್ನ ಮಗ ಜಯಕುಮಾರನಿಗೆ ತಂದುಕೊಳ್ಳುವುದಿಲ್ಲ.

ಸೋದರತ್ತೆಯಾಗಿ ಹೀಗೆ ಮಾಡಬಹುದೇ ಎಂದು ತವರು ತೂಬಗೆರೆಯಲ್ಲಿ ನಾಲ್ಕು ಜನ ಕೇಳುತ್ತಾರೆ. ಕೇಳಲಿ. ಅವಳ ತೊಟ್ಟಿಲ ಹತ್ತಿರ ನಿಂತು "ಇವ್ಳು ನಮ್ಮನೆ ಸೊಸೆ ಕಣೋ" ಎಂದವಳು ನಾನೇ. ಏರ್‌ಪೋರ್ಟಿನಲ್ಲಿ ಒಂದು ಕೆಲಸ ಹಿಡಿಯಲಿ, ಆಮೇಲೆ ಮದುವೆ ಎಂದವಳೂ ನಾನೇ. ಎರಡನೆಯ ಮಾತಿಗೆ ನೀನು ಹ್ಞೂಂ ಅಂದಿದ್ದೆ.

ನಿಜ, ಅವಳು ಅದಕ್ಕಾಗಿ ದೊಡ್ಡಬಳ್ಳಾಪುರದ ಶಾಲೆಯ ಟೀಚರ್ ಕೆಲಸ ಬಿಟ್ಟಳು. ಕೋರ್ಸ್ ಮಾಡಿ ಆ ಅರಬ್ ದೇಶದ ವಿಮಾನ ಕಂಪನಿಯ ಕೌಂಟರಿಗೆ ಆಯ್ಕೆಯಾದಳು. ಜಾಣೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆ ಕೆಲಸದ ಬಟ್ಟೆಗೆ ಅಳತೆ ಕೊಟ್ಟು ಬಂದ ದಿನ "ಅತ್ತೆ, ಟೋಪಿ ಜೊತೆಗೆ ಒಂದು ಬಿಳೀ ಸ್ಕಾರ್ಫೂ ಕೊಡ್ತಾರಂತೆ" ಎಂದು ನನ್ನ ಅಡುಗೆಮನೆಯಲ್ಲಿ ಕುಣಿದಿದ್ದಳು. ಆದರೆ ಆ ಕಂಪನಿ ಇಲ್ಲಿಂದ ಹೊಸ ವಿಮಾನಗಳನ್ನು ಹಾರಿಸಿದರೆ ಮಾತ್ರ ಆ ಕೆಲಸ. ಹಾರಿಸುವುದಕ್ಕೆ ದಿಲ್ಲಿಯ ಸರ್ಕಾರ ಒಪ್ಪಬೇಕು. ಯಾರ ವಿಮಾನ ವಾರಕ್ಕೆ ಎಷ್ಟು ಜನರನ್ನು ಹೊತ್ತೊಯ್ಯಬೇಕು ಎಂದು ಎರಡೂ ದೇಶದ ಸರ್ಕಾರಗಳು ಕೂತು ಗೊತ್ತುಮಾಡುತ್ತವಂತೆ. ನಮ್ಮ ಬಸ್ ಪರ್ಮಿಟ್ ಇದ್ದ ಹಾಗೆ. ನಮ್ಮೂರಿಗೆ ಎರಡನೇ ಬಸ್ಸು ಬರುತ್ತದೆ ಎಂದಾಗ ಮೊದಲನೇ ಬಸ್ಸಿನವನು ತಕರಾರು ಹಾಕಿ ನಿಲ್ಲಿಸಿದ್ದು ನಿನಗೆ ನೆನಪಿರಬೇಕು. ನಾವು ಆಗ ನಡೆದೇ ಶಾಲೆಗೆ ಹೋಗಿದ್ದು.

ಇಲ್ಲಿ ತಕರಾರು ಹಾಕಿದ್ದು ನಮ್ಮ ದೇಶದ ದೊಡ್ಡ ಕಂಪನಿ, ಅಂದರೆ ಜಯಕುಮಾರ ಲಗೇಜಿನ ಕಡೆ ಕೆಲಸ ಮಾಡುವ ಕಂಪನಿ. ಹೊರಗಿನವರಿಗೆ ಬಾಗಿಲು ತೆಗೆದರೆ ಲಂಡನ್ನು, ಅಮೆರಿಕ ಎಂದು ಹೋಗುವ ನಮ್ಮ ಜನರನ್ನೆಲ್ಲ ಅವರೇ ಬಾಚಿಕೊಳ್ಳುತ್ತಾರೆ, ನಮ್ಮ ವಿಮಾನಗಳು ಖಾಲಿ ಹಾರಬೇಕಾಗುತ್ತದೆ ಎಂದು. ಮೊದಲು ದಿಲ್ಲಿಯವರು ಆ ಅರಬರ ಕಡೆಗೇ ತಲೆಯಾಡಿಸಿದ್ದರಂತೆ. ನಮ್ಮವರು ಬಿಡಲಿಲ್ಲ. ಮತ್ತೆ ಹೋದರು, ಮತ್ತೆ ಕೇಳಿದರು, ತಮಗೆ ಬೇಕಾದ ಮಾತು ಬರುವ ತನಕ ಕೇಳಿದರು.

ಕೆಲಸಗಾರರ ಕಡೆಯಿಂದಲೂ ಒಂದು ಮನವಿ ಹೋಯಿತು. ಜಯಕುಮಾರ ಸಹಿ ಹಾಕದೆ ಮನೆಗೆ ಬಂದು ಕೂತ. "ಅಮ್ಮ, ನಾನ್ ಸೈನ್ ಹಾಕಿದ್ರೆ ಬಿಂದು ಅನ್ನಕ್ಕೆ ನಾನೇ ಮಣ್ ಹಾಕ್ದಂಗಾಗಲ್ವಾ?" ಎಂದ. "ನಿನ್ ಅನ್ನಕ್ಕೆ ಬೀಳೋದ್ಕಿಂತ ವಾಸಿ ಕಣೋ, ಹಾಕ್ಹೋಗು" ಎಂದೆ. ಹಾಕಿದ. ಇದನ್ನು ನಾಳೆ ಯಾರೋ ಬಂದು ನಿನ್ನ ಕಿವಿಗೆ ಊದುವುದು ಬೇಡ. ಅಕ್ಕ ಮುಚ್ಚಿಟ್ಟಳು ಎನ್ನುವ ಮಾತು ನನಗೆ ಆಗುವುದಿಲ್ಲ.

ಹೋದ ವಾರ ದಿಲ್ಲಿಯವರು ಆಗುವುದಿಲ್ಲ ಎಂದುಬಿಟ್ಟರು. ಅರಬ್ ಕಂಪನಿಯವರು ಆಯ್ಕೆಯಾದ ಮಕ್ಕಳಿಗೆಲ್ಲ ಕೆಲಸವಿಲ್ಲ ಎಂದರು. ಮಾರನೆಯ ದಿನ ಬಿಂದುಶ್ರೀ ನನ್ನ ಮನೆಗೆ ಬಂದಿದ್ದಳು, ನಿನಗೆ ಹೇಳಿದ್ದಾಳೋ ಇಲ್ಲವೋ. "ಅತ್ತೆ, ಸ್ಕೂಲಿಗೇ ವಾಪಸ್ ಹೋಗ್ತೀನಿ. ಅಲ್ಲಿ ತಗೊಳ್ದಿದ್ರೆ ಸೋಂಪುರದ ಫ್ಯಾಕ್ಟ್ರಿಗಾದ್ರೂ ಸೇರ್ಕೊತೀನಿ. ಜಯಣ್ಣನ... ಅವ್ರನ್ನ ಮಾತ್ರ ಬೇಡ ಅನ್ಬೇಡಿ" ಎಂದಳು. ಕಾಫಿ ಕೊಟ್ಟೆ. ಬಿಸ್ಕತ್ತನ್ನೂ ಕೊಟ್ಟೆ. "ನಿನ್ ಕೆಲ್ಸ ದಿಲ್ಲಿಯವ್ರ ಕೈಲಿತ್ತು, ನಿನ್ ಮದ್ವೆ ದೇವ್ರ ಕೈಲದೆ. ಹೂವು ಕೇಳ್ತೀನಿ ಇರವ್ವ" ಎಂದೆ. ಕಾಲಿಗೆ ಬಿದ್ದಳು. ಬೀಳುವಾಗ ಲೋಟ ತಗುಲಿ ಕಾಫಿ ಚೆಲ್ಲಿತು. ಅಳುತ್ತಲೇ ನೆಲ ಒರೆಸಿ ಹೋದಳು. ಮಗಳನ್ನು ಚೆನ್ನಾಗಿ ಬೆಳೆಸಿದ್ದೀಯ.

ಗುರುವಾರ ಮಡಿಯುಟ್ಟು ವೆಂಕಟರಮಣಸ್ವಾಮಿಯ ಗುಡಿಗೆ ಹೋದೆ. ಕಾರ್ತಿಕದ ಪೂಜೆಗೆಂದು ನೀನು ಕಳಿಸಿದ್ದೆಯಲ್ಲ ನಿನ್ನ ತೋಟದ ಸೇವಂತಿಗೆ, ಅದನ್ನೇ ಪೂಜಾರಿ ಒದ್ದೆಮಾಡಿ ಸ್ವಾಮಿಯ ಎರಡೂ ಭುಜಕ್ಕೆ ಅಂಟಿಸಿದ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಎಡಕ್ಕೆ ಬಿತ್ತು. ಮನುಷ್ಯರ ಮಾತಾಗಿದ್ದರೆ ನಾನು ಪಕ್ಕಕ್ಕೆ ತಳ್ಳುತ್ತಿದ್ದೆ. ದೇವರ ಮಾತಿಗೆ ಎದುರಾಡುವುದಕ್ಕೆ ನಾನು ಯಾರು, ನೀನು ಯಾರು?

ಜಯಕುಮಾರ ಅವತ್ತಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ಕಾರ್ತಿಕದ ಉಪವಾಸ ಎಂದು ಬಂದವರಿಗೆ ಹೇಳಿದ್ದೇನೆ.

ಕೆಲಸದಲ್ಲಿ ಅವನ ಮೇಲಿನವರು ಬೈರೇಶ್ ಎಂದು. ಅವರ ಮಗಳು ಅರ್ಪಿತ ಜಯಕುಮಾರನ ಕಂಪನಿಯದೇ ಕೌಂಟರಿನಲ್ಲಿ ಕೂರುತ್ತಾಳೆ. ಮಾಘದಲ್ಲಿ ಮುಹೂರ್ತ ನೋಡಿಸುತ್ತಿದ್ದೇವೆ. ಸೋದರಮಾವನಾಗಿ ಮದುಮಗನಿಗೆ ಬಾಸಿಂಗ ಕಟ್ಟಬೇಕಾದವನು ನೀನು. ಬರದೆ ಇದ್ದರೆ ಜನ ನಿನ್ನನ್ನೇ ಸಣ್ಣವನು ಅನ್ನುತ್ತಾರೆ. ಇನ್ನೊಂದು ಮಾತು. ನನಗೆ ಹೆಣ್ಣುಮಕ್ಕಳಿಲ್ಲ. ಗಂಡಿನ ಪಕ್ಕ ಕಳಶ ಹಿಡಿದು ನಿಲ್ಲುವುದು ತಂಗಿಯಾದವಳ ಕೆಲಸ. ಬಿಂದುಶ್ರೀಯೇ ಹಿಡಿಯಲಿ. ಈ ಸೀರೆಯನ್ನೇ ಉಟ್ಟುಕೊಳ್ಳಲಿ, ಹೊಸದರ ಹಾಗೇ ಇದೆ. ಅವಳು ಚಿಕ್ಕವಳಿದ್ದಾಗ ಅವನನ್ನು ಜಯಣ್ಣ ಎನ್ನುತ್ತಿದ್ದಳು; ಮಾತು ಗಟ್ಟಿಯಾದ ಮೇಲೆ ಬಿಡಿಸಿದವಳು ನಾನು. ಈಗ ಮತ್ತೆ ಅಣ್ಣ ಎಂದೇ ಕರೆಯಲಿ. ಒಂದೆರಡು ಸಲ ನಾಲಿಗೆ ತಡೆಯುತ್ತದೆ, ಆಮೇಲೆ ಹೊರಳುತ್ತದೆ.

ನಿನ್ನ ಹೆಂಡತಿಗೆ ಧೈರ್ಯ ಹೇಳು. ತೋಟಕ್ಕೆ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ನಿನಗೆ ಬೇಗ ಕೆಮ್ಮು ಹಿಡಿಯುತ್ತದೆ.

ನಿನ್ನ ಒಳ್ಳೆಯದನ್ನೇ ಬೇಡುವ,
ಒಡಹುಟ್ಟಿದ ಅಕ್ಕ
ಅಂಜಿನಮ್ಮ

ತಾ.ಕ.: ಪೂಜಾರಿ ವೇಣುಗೋಪಾಲ್ ನಿನ್ನ ಹತ್ತಿರ ಬೇರೆ ಥರ ಹೇಳಿಯಾನು, ಅದಕ್ಕೇ ಇಷ್ಟು. ಮೊದಲನೆಯ ಹೂವು ಬಲಕ್ಕೇ ಬಿತ್ತು. "ಆಯ್ತಲ್ಲಮ್ಮ, ಸ್ವಾಮಿ ಕೊಟ್ಬಿಟ್ಟ" ಎಂದು ಅವನು ಮಂಗಳಾರತಿ ತಟ್ಟೆಗೆ ಕೈ ಹಾಕಿದ. ಇನ್ನೊಂದು ಸಲ ಕೇಳಪ್ಪ ಎಂದೆ. ಅದೂ ಬಲಕ್ಕೇ. ಜಯಕುಮಾರ ಆಗ ಒಳಗಿರಲಿಲ್ಲ, ತೆಂಗಿನಕಾಯಿ ಮರೆತೆ ಎಂದು ಅವನನ್ನು ಅಂಗಡಿಗೆ ಕಳಿಸಿದ್ದೆ. ಅವನು ಬಂದು ನಿಂತು ಕೈಮುಗಿಯುವ ಹೊತ್ತಿಗೆ ಮೂರನೆಯ ಸಲ ಕೇಳಿಸಿದ್ದೆ; ಎಡಗಡೆಯದು ಬಿತ್ತು. ಅಲ್ಲಿಗೆ ಸಾಕು ಎಂದೆ. ದೇವರನ್ನು ಬಹಳ ಕಾಡಬಾರದು.