ಪುರಾತನ ಷರಟು

ನವೆಂಬರ್ ೫, ಬೈಲಹೊಂಗಲ

ಬೆಳಿಗ್ಗೆ ಹಳೆ ಬಟ್ಟೆಯ ಎರಡು ಕೌದಿಗೆ ಅಂಚು ಕಟ್ಟಿದೆ. ಆರ್ಡರ್ ಕಡಿಮೆ. ಜೊತೆಗೆ ಹೊಲಿಯುವ ರಾಯವ್ವ ಮೊಬೈಲ್ ಹಿಡಿದು ಬಂದಳು. “ಅಕ್ಕಾರ, ಸವದತ್ತಿ ಶೀತಲ ಕೌದಿ ಮಾರಾಕ ವೆಬ್‌ಸೈಟ್ ಮಾಡ್ಯಾಳ. ನೋಡ್ರಿ.”

ಶೀತಲ — ಎರಡು ವರ್ಷ ಇದೇ ಪಡಸಾಲೆಯಲ್ಲಿ ನನ್ನ ಹತ್ತಿರ ಹೊಲಿಗೆ ಕಲಿತವಳು.

ಓದಿದೆ. ನನ್ನದನ್ನೂ ತೆಗೆದು ಪಕ್ಕದಲ್ಲಿಟ್ಟು ಓದಿದೆ.

ನನ್ನ ವೆಬ್‌ಸೈಟಿನಲ್ಲಿ ನಾನು ಬರೆದದ್ದು: ‘ಇವರು ತೀರಿಕೊಂಡ ವರ್ಷ, ಇವರ ಹಳೆಯ ಅಂಗಿ ಹರಿದು ಮೊದಲ ಕೌದಿ ಹೊಲಿದೆ.’

ಅವಳದು: ‘ಪತಿ ನಿಧನರಾದ ಸಂವತ್ಸರ, ಅವರ ಪುರಾತನ ಷರಟನ್ನು ಸೀಳಿ ಪ್ರಥಮ ಕೌದಿ ಸಿದ್ಧಪಡಿಸಿದೆ.’

ಕೆಳಗಿನ ಎಲ್ಲ ಸಾಲೂ ಹೀಗೆಯೇ. ಅವಳ ಗಂಡ ಸಚಿನ ಸವದತ್ತಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು ಗಟ್ಟಿಮುಟ್ಟಾಗಿದ್ದಾನೆ!

ನವೆಂಬರ್ ೬

ನನ್ನ ವೆಬ್‌ಸೈಟ್ ಮಾಡಿಕೊಟ್ಟ ಮಲ್ಲಿಕಾರ್ಜುನನಿಗೆ ತೋರಿಸಿದೆ. “ಶಬ್ದಕ್ಕ ಶಬ್ದ ಬದಲಿ ಮಾಡ್ಯಾರ್ರಿ. ಹಳೇದಕ್ಕ ಪುರಾತನ, ಅಂಗಿಗೆ ಷರಟು. ಕಂಪ್ಯೂಟರ್‌ನ್ಯಾಗ ಚೆಕ್ ಮಾಡಿದ್ರ ಕಾಪಿ ಅನ್ನೂದಿಲ್ಲರಿ.”

ಶೀತಲಳಿಗೆ ಫೋನ್ ಮಾಡಿದೆ.

“ಅಕ್ಕಾರ, ಅದರಾಗ ನಿಮ್ಮ ಶಬ್ದ ಒಂದರ ಐತೇನ್ರಿ? ಎಲ್ಲಾ ನನ್ನವ.” ನಕ್ಕಳು. ಇಟ್ಟುಬಿಟ್ಟಳು.

ಸರಿ. ಎಲ್ಲ ನಿನ್ನವೇ. ಹಾಗಾದರೆ ಸತ್ತ ಗಂಡನೂ ನಿನ್ನವನೇ.

ನವೆಂಬರ್ ೧೧

ಸವದತ್ತಿಗೆ ಹೋಗಿ ಬಂದೆ. ನಾನು, ರಾಯವ್ವ. ಸತ್ತವರ ಮನೆಗೆ ಹೋಗುವ ಹಾಗೆ ಸಾದಾ ಸೀರೆ, ತಲೆಯ ಮೇಲೆ ಸೆರಗು. ಶೀತಲಳ ಅತ್ತೆ ಸುಂದರವ್ವ ಕಟ್ಟೆಯ ಮೇಲೆ ಕುಳಿತು ಚವಳಿಕಾಯಿ ನಾರು ತೆಗೆದು ಸೋಸುತ್ತಿದ್ದರು.

“ಮಾತಾಡಿಸಿ ಹೋಗಾಕ ಬಂದೇವ್ರಿ. ನಿಮ್ಮ ಮಗ ತೀರಿಕೊಂಡದ್ದು ನಮಗ ಗೊತ್ತ ಆಗಲಿಲ್ಲ ನೋಡ್ರಿ.”

“ಏನಂತೀರಿ! ನನ್ನ ಮಗ ಒಳಗ ಊಟ ಮಾಡಾಕ ಹತ್ಯಾನ!”

“ನಿಮ್ಮ ಸೊಸಿನ ಬರದಾಳಲ್ರಿ...”

ಮೊಬೈಲ್ ತೆಗೆದು ಗಟ್ಟಿಯಾಗಿ ಓದಿದೆ. ಪತಿ. ನಿಧನ. ಒಂದೊಂದೇ ಶಬ್ದ ಬಿಡಿಸಿ. ಓಣಿಯ ಮಂದಿ ಬಂದು ನಿಂತರು. ಸಚಿನ ಎಂಜಲು ಕೈಯಲ್ಲೇ ಹೊರಗೆ ಬಂದ. ಹಿಂದೆ ಶೀತಲ.

“ಹಣಿ ಮ್ಯಾಲ ಕುಂಕುಮ ಇಟ್ಕೊಂಡು ನನ್ನ ಮಗನ್ನ ಸಾಯಿಸಿದ್ಯೇನ?” ಸುಂದರವ್ವ ಚೀರಿದರು.

“ನನ್ನ ಮಾತಲ್ಲರಿ ಅತ್ತಿ, ಅವು ಅಕ್ಕಾರವು! ನಾ ಬರೇ ಶಬ್ದ ಬದಲಿ ಮಾಡೇನ್ರಿ!”

ಅಷ್ಟು ಮಂದಿಯ ಮುಂದೆ. ತನ್ನ ಬಾಯಿಂದಲೇ.

ನವೆಂಬರ್ ೧೨

ಅವಳ ವೆಬ್‌ಸೈಟ್ ಇಲ್ಲ. ತೆಗೆದಿದ್ದಾಳೆ. ಹೊಟ್ಟೆ ತುಂಬ ಉಂಡೆ.

ನವೆಂಬರ್ ೧೬, ಸಂಜೆ ೫

ರಾಯವ್ವ ಸುದ್ದಿ ತಂದಳು. ಅತ್ತೆ ಶೀತಲಳನ್ನು ತವರಿಗೆ, ಮನೋಳಿಗೆ ಕಳಿಸಿದ್ದಾರಂತೆ. ಸಚಿನ ತಡೆಯಲಿಲ್ಲವಂತೆ. ಇಷ್ಟು ಆಗಬೇಕಿರಲಿಲ್ಲ... ಬೇಕಿತ್ತು. ಇಲ್ಲಿಯೂ ಸುಳ್ಳು ಯಾಕೆ ಬರೆಯಲಿ?

೫-೪೦

ಬಾಗಿಲಲ್ಲಿ ಶೀತಲ. “ಅಕ್ಕಾರ, ನೀವರ ಬಂದು ಅತ್ತಿಗೆ ಒಂದ ಮಾತ ಹೇಳ್ರಿ...” ಚಿಲಕ ತೆಗೆದಿಲ್ಲ. ಕಿಟಕಿಯಿಂದ ನೋಡಿದೆ. ಅಳುತ್ತಿದ್ದಾಳೆ. ಗಂಡನಿಲ್ಲದ ಮನೆ ಹೇಗಿರುತ್ತದೆ, ಈಗ ತಿಳಿಯಲಿ. ಆಗ ಯಾವ ಶಬ್ದ ಹಾಕುತ್ತಾಳೋ ನೋಡೋಣ.

ಮತ್ತೆ ಬಡಿಯುತ್ತಿದ್ದಾಳೆ. ಬಡಿಯಲಿ. ಕತ್ತಲಾಗುವವರೆಗೆ ನಿಲ್ಲಲಿ. ಆಮೇಲೆ ಬೇಕಾದರೆ ಚಿಲಕ ತೆಗೆದು —