ಗೀರನ್ನು ಒಂದು ಎಂದು ಓದಿದೆ

ಮೈಲ್ಸ್ ಸಿಟಿ, ಮೊಂಟಾನಾ
ಏಪ್ರಿಲ್ 9, ಈಸ್ಟರ್ ಭಾನುವಾರ

ಪ್ರೀತಿಯ ವರ್ನ್ ಅಜ್ಜನಿಗೆ,

ಹೇಗಿದ್ದೀರಿ? ಸೊಂಟದ ಆಪರೇಷನ್ ಆದ ಮೇಲೆ ನಡೆದಾಡುತ್ತಿದ್ದೀರಾ, ಇಲ್ಲ ಮಗಳ ಮನೆಯಲ್ಲಿ ಅವಳ ಮೇಲೆ ರೇಗುತ್ತಾ ಕೂತಿದ್ದೀರಾ? ನೀವು ಮೂರು ಸಲ ಫೋನ್ ಮಾಡಿದಿರಿ, ನಾನು ಎತ್ತಲಿಲ್ಲ. ನಿಮ್ಮ ಕಾರ್ಡ್ ಬಂದು ಮೂರು ವಾರವಾಯಿತು. ತಡ ಮಾಡಿದ್ದಕ್ಕೆ ಬಯ್ಯಿರಿ, ಆದರೆ ಪೂರ್ತಿ ಓದಿ ಆಮೇಲೆ ಬಯ್ಯಿರಿ. ಆನ್‌ಲೈನಿನಲ್ಲಿ ನಾನು ಏನು ಬರೆದರೂ ಅದರ ಕೆಳಗೆ ಹತ್ತು ಜನ ಬಂದು ಕಾಮೆಂಟ್ ಹಾಕುತ್ತಾರೆ. ಇದನ್ನು ನಿಮ್ಮೊಬ್ಬರಿಗೇ ಬರೆಯಬೇಕಿತ್ತು, ಅದಕ್ಕೇ ಕಾಗದ.

ತಾತನ ಮಣ್ಣು ಚೆನ್ನಾಗಿ ಆಯಿತು. ನೀವೂ ತಾತನೂ ಗುರುವಾರ ಗುರುವಾರ ಕೂರುತ್ತಿದ್ದ ಕೆಫೆ ಟೇಬಲ್ಲಿನವರೆಲ್ಲ ಒಗೆದ ಶರ್ಟು ಹಾಕಿಕೊಂಡು ಬಂದಿದ್ದರು. ಡೆಲ್ಮರ್ ಕೂಡ ಬಂದು, ತಾತನ ಪೆಟ್ಟಿಗೆ ನೋಡಿ, "ಆರಿನ್ ಇದ್ದಿದ್ರೆ ನನ್ ಟೈ ನೋಡಿ ಹೊಟ್ಟೆ ಹಿಡ್ಕೊಂಡು ನಗ್ತಿದ್ದ" ಎಂದು ತಾನೇ ಅತ್ತ. ಚರ್ಚಿನ ಹೆಂಗಸರು ಕೊಟ್ಟ ಹ್ಯಾಮ್ ಇನ್ನೂ ಫ್ರೀಜರಿನಲ್ಲಿದೆ. ತಿನ್ನುವವಳು ನಾನೊಬ್ಬಳೇ.

ಈಗ ತಾತನ ಆ ರಿವಾಲ್ವರಿನ ವಿಷಯ. ನಿಮಗೆ ಗೊತ್ತಿರುವುದೇ, ಆದರೂ ಮೊದಲಿಂದ ಹೇಳದಿದ್ದರೆ ನನ್ನಿಂದ ಹೇಳಲಿಕ್ಕೇ ಆಗುವುದಿಲ್ಲ.

ಅದರ ಹುಚ್ಚು ನನಗೆ ಹಿಡಿಸಿದ್ದೇ ತಾತ. ನನಗೆ ಒಂಬತ್ತು ವರ್ಷವಿದ್ದಾಗ ಗುಂಡು ತೆಗೆದು, ಎರಡೆರಡು ಸಲ ನೋಡಿ, ನನ್ನ ಎರಡೂ ಅಂಗೈ ಮೇಲೆ ಇಟ್ಟಿದ್ದರು. ಪಾಯಿಂಟ್ ನಲವತ್ತೈದರ ದಪ್ಪ ಗುಂಡಿನದು, ಎಂಥ ಭಾರ! "ಕಣ್ಮುಚ್ಚು ಮರಿ, ಕೇಳು" ಎಂದು ಹಿಂಬದಿ ಹೆಬ್ಬೆರಳಿಗೆ ಸಿಗುವ ಸುತ್ತಿಗೆ ಕೀಲನ್ನು ನಿಧಾನಕ್ಕೆ ಹಿಂದಕ್ಕೆಳೆದರು. ಟಿಕ್, ಟಿಕ್, ಟಿಕ್, ಟಿಕ್. ನಾಲ್ಕು ಸಲ. "ಹೊಸವು ಹೀಗೆ ಮಾತಾಡಲ್ಲ" ಎಂದರು. ಸವೆದು ಕಂದು ತಿರುಗಿದ ಉಕ್ಕಿನ ನೀಲಿ ಮೆರುಗು, ಹಿಡಿಯ ವಾಲ್ನಟ್ ಮರದಲ್ಲಿ ಕೂತಿದ್ದ ನೂರು ವರ್ಷದ ಬೆವರು. ಅವತ್ತು ಅಂಟಿದ್ದು ಬಿಡಲಿಲ್ಲ. ಹದಿನಾಲ್ಕಕ್ಕೆ ಹಳೆ ಬಂದೂಕಿನ ಹುಚ್ಚರ ಆನ್‌ಲೈನ್ ಫೋರಂ ಸೇರಿದೆ. ಸ್ಕ್ರೂ ನೋಡಿ ವರ್ಷ ಹೇಳುವ ಜನ ಅಲ್ಲಿದ್ದರು. ಅವರ ಮಾತೆಲ್ಲ ಬಾಯಿಪಾಠ ಮಾಡಿದೆ. ಯಾರಾದರೂ "ನಮ್ಮ ತಾತ ಹೇಳ್ತಿದ್ರು" ಎಂದು ಶುರು ಮಾಡಿದರೆ ಸಾಕು, ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಮ್ಮ ತಾತನ ಕಥೆ ನೀವು ಸಾವಿರ ಸಲ ಕೇಳಿದ್ದೀರಿ. ಅವರಜ್ಜ ಲೈಮನ್ ಇಪ್ಪತ್ತೊಂದನೇ ವಯಸ್ಸಿನಲ್ಲಿ, ಟೆಕ್ಸಸ್‌ನಿಂದ ದನ ಹೊಡೆದುಕೊಂಡು ಬಂದು, 1883ರಲ್ಲಿ ಇದೇ ಊರಿನ ಕಬ್ಬಿಣದಂಗಡಿಯಲ್ಲಿ ಎಣ್ಣೆ ಕಾಗದ ಬಿಚ್ಚಿ ಹೊಸದಾಗಿ ಕೊಂಡದ್ದು. ಸಾಯುವ ಮುಂಚೆ ಏಳು ವರ್ಷದ ತಾತನ ಕೈಗಿಟ್ಟು ಹೇಳಿದ್ದು.

ತಾತನ ಎಂಬತ್ತೊಂದನೇ ಹುಟ್ಟುಹಬ್ಬಕ್ಕೆ ನಾನು ಕಾರ್ಖಾನೆ ಪತ್ರ ತರಿಸಿದೆ. ರಿವಾಲ್ವರಿನ ಮೇಲೆ ಒತ್ತಿದ ನಂಬರ್ ಕಳಿಸಿದರೆ ಅವರು ಹಳೆಯ ದಫ್ತರ ನೋಡಿ, ಇದು ಯಾವಾಗ, ಯಾವ ಊರಿಗೆ ಹೋಯಿತೆಂದು ಬರೆದು ಕೊಡುತ್ತಾರಲ್ಲ, ಅದು. ಅಕ್ಟೋಬರಿನ ಆ ಗುರುವಾರ ಕೆಫೆಯಲ್ಲಿ ನಿಮ್ಮೆಲ್ಲರ ಮುಂದೆ, ಫೋನಿನ ಕ್ಯಾಮರಾ ಆನ್ ಮಾಡಿ, ಕವರ್ ಹರಿದು ಗಟ್ಟಿಯಾಗಿ ಓದಿದೆ. 1900. ಸೇಂಟ್ ಲೂಯಿಸ್. ನಳಿಗೆ ಏಳೂವರೆ ಇಂಚು.

ನೀವು ಅಂದದ್ದು ನೆನಪಿದೆಯಾ? "ಏನೋ ಆರಿನ್, ನಿಮ್ಮಜ್ಜ ತಯಾರಾಗೋಕೆ ಹದಿನೇಳು ವರ್ಷ ಮುಂಚೆನೇ ಕೊಂಡ್ಕೊಂಡಿದ್ನಾ? ಅಂಗಡಿಯವನು ಒಳ್ಳೆ ಬುಕಿಂಗ್ ಇಟ್ಟಿದ್ದ ಬಿಡು!" ಟೇಬಲ್ ಕುಟ್ಟಿಕೊಂಡು ನಕ್ಕಿರಿ. ಅಷ್ಟಕ್ಕೆ ನೀವು ನೊಂದುಕೊಳ್ಳಬೇಡಿ, ನಾನೂ ನಕ್ಕೆ. ತಾತ ಮಾತ್ರ, "ನಮ್ದು ನಾಲ್ಕೂ ಮುಕ್ಕಾಲು ಇಂಚು ಐತಲ್ಲ ಮರಿ?" ಎಂದರು. ನಾನು ದೊಡ್ಡ ಪಂಡಿತೆಯ ಹಾಗೆ, "ಯಾರೋ ಕತ್ತರಿಸಿರ್ತಾರೆ ತಾತ" ಎಂದೆ. ಫೋರಂನಲ್ಲೂ ಎಲ್ಲರೂ ಅದನ್ನೇ ಹೇಳಿದರು. "ಇನ್ನೊಂದು ತಾತನ ಕಥೆ ಢಮಾರ್" ಎಂದು ನಾನೇ ಹೆಸರಿಟ್ಟು ವಿಡಿಯೋ ಹಾಕಿದ್ದೆ. ನಾಲ್ಕುನೂರು ಜನ ನಕ್ಕರು.

ಅವತ್ತಿನಿಂದ ತಾತ ಆ ಕಥೆ ಹೇಳಲಿಲ್ಲ. ಗುರುವಾರಗಳಿಗೂ ಹೋಗಲಿಲ್ಲ. ನೀವು ಮಂಡಿನೋವು ಅಂದುಕೊಂಡಿರಿ. ಕ್ರಿಸ್ಮಸ್ ಹೊತ್ತಿಗೆ ಒಂದು ಸಂಜೆ ಪಾತ್ರೆ ಒರೆಸುತ್ತಾ, "ನಮ್ಮಜ್ಜ ನಂಗ್ಯಾಕೆ ಸುಳ್ಳು ಹೇಳಿದ್ರು ಅಂತ ಗೊತ್ತಾಗ್ತಿಲ್ಲ ಕಣೇ" ಎಂದರು. ಕೋಪವೇನೂ ಇರಲಿಲ್ಲ. ದಾರಿ ತಪ್ಪಿದ ಮಗುವಿನ ಮುಖ. ಎಪ್ಪತ್ತನಾಲ್ಕು ವರ್ಷ ತಾತ ನಂಬಿದ್ದ ಮನುಷ್ಯನನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ.

ಜನವರಿಯಲ್ಲಿ ಎಣ್ಣೆ ಹಾಕಲು ಬಿಚ್ಚಿದಾಗ ನೋಡಿದೆ. ಹಳೆಯವುಗಳಲ್ಲಿ ನಂಬರನ್ನು ಮೂರು ಕಡೆ ಒತ್ತಿರುತ್ತಾರೆ. ಮೂರನ್ನೂ ಹೋಲಿಸಿ ನೋಡಬೇಕೆಂದು ಫೋರಂನಲ್ಲಿ ಹೊಸಬರಿಗೆ ನಾನೇ ಬುದ್ಧಿ ಹೇಳಿದ್ದೇನೆ. ನಮ್ಮದರಲ್ಲಿ ನೋಡಿದ್ದು ಒಂದೇ ಕಡೆ. ಅಲ್ಲಿ ಅಂಕಿಗಳ ಮುಂದೊಂದು ಗೀರು ಬಿದ್ದಿತ್ತು. ಅದನ್ನು ನಾನು ಒಂದು ಎಂದು ಓದಿದ್ದೆ. ಉಳಿದೆರಡು ಕಡೆ ಐದೇ ಅಂಕಿ, ನಾನು ಬರೆದು ಕಳಿಸಿದ್ದು ಆರು. ನಾನು ತರಿಸಿದ್ದು ಬೇರೆ ಯಾರದೋ ರಿವಾಲ್ವರಿನ ಪತ್ರ, ವರ್ನ್ ಅಜ್ಜ.

ತಾತನಿಗೆ ಹೇಳಲಿಲ್ಲ. ಇನ್ನೊಂದು ಸಲ ಬರೀ ಬಾಯಲ್ಲಿ ಹೇಳಬಾರದು, ಕಾಗದವೇ ಬರಲಿ ಎಂದು ಮತ್ತೆ ಬರೆದೆ. ಮಣ್ಣು ಮುಗಿಸಿ ಬಂದ ಮೇಲೆ ಆ ಎರಡನೇ ಕವರ್ ಒಡೆದೆ. ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. 1883, ಜೂನ್. ಮೈಲ್ಸ್ ಸಿಟಿಯ ಕಬ್ಬಿಣದಂಗಡಿ. ನಾಲ್ಕೂ ಮುಕ್ಕಾಲು ಇಂಚು. ಲೈಮನ್ ಒಂದಕ್ಷರ ಸುಳ್ಳು ಹೇಳಿರಲಿಲ್ಲ.

ದಯವಿಟ್ಟು ಒಂದು ಗುರುವಾರ ಕೆಫೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ಆ ಜೆರಾಕ್ಸನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ. ನನ್ನ ದನಿಯಲ್ಲಿ ಬೇಡ. ರಿವಾಲ್ವರ್ ಅದರ ಡ್ರಾಯರಿನಲ್ಲೇ ಇದೆ. ನಾಲ್ಕು ಟಿಕ್ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ನಿಮ್ಮ ಸೊಂಟ ಬೇಗ ಗಟ್ಟಿಯಾಗಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಈಗ ನನ್ನನ್ನು ಬಯ್ಯಲು ಉಳಿದಿರುವವರು ನೀವೊಬ್ಬರೇ.

ನಿಮ್ಮ,
ಡಾರ್ಸಿ

ಮರೆತದ್ದು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಕವರ್ ತಡವಾಗಿ ಬರಲಿಲ್ಲ. ಮಾರ್ಚ್ ಎರಡಕ್ಕೇ ಬಂದಿತ್ತು. ಹದಿನೆಂಟರ ಶನಿವಾರ ಗನ್ ಷೋ, ಬಂದೂಕಿನ ಸಂತೆ, ಇತ್ತಲ್ಲ, ಅಲ್ಲಿ ಎಲ್ಲರೆದುರು ತಾತನ ಕೈಯಲ್ಲೇ ಒಡೆಸಿ ವಿಡಿಯೋ ಮಾಡೋಣ, ನಕ್ಕ ನಾಲ್ಕುನೂರು ಜನವೂ ನೋಡಲಿ ಎಂದು ಒಡೆಯದೆ ಇಟ್ಟುಕೊಂಡೆ. ಫೋರಂನಲ್ಲಿ "ಶನಿವಾರದವರೆಗೆ ಕಾಯಿರಿ" ಎಂದು ಹಾಕಿಯೂ ಬಿಟ್ಟೆ. ಹದಿನಾಲ್ಕರ ಬೆಳಿಗ್ಗೆ ತಾತ ಹೋದರು. ಹಿಂದಿನ ದಿನ ಟೇಬಲ್ ಮೇಲೆ ಅದನ್ನು ನೋಡಿ, "ಏನೇ ಮರಿ ಅದು, ದೊಡ್ಡ ಕವರು?" ಎಂದು ಕೇಳಿದ್ದರು. "ಏನಿಲ್ಲ ತಾತ, ಕಾಲೇಜಿಂದು" ಎಂದೆ.