ಒಂಬತ್ತನೆಯ ಪುಟದ ಬಿರುಕು

ಜನವರಿ 26, 2009. ಸೋಮವಾರ, ಬೆಳಿಗ್ಗೆ 9.20

ಆರು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಇವತ್ತೂ ನನ್ನ ಗಂಡ ಕೇಶವ್ ಅವರೇ ಲಿವೋನಿಯಾವರೆಗೆ ಡ್ರೈವ್ ಮಾಡಿದರು. ಮನೆಯಿಂದ ಲೈಬ್ರರಿಗೆ ಒಟ್ಟು ಎರಡೇ ಪದ — "ಎಕ್ಸಿಟ್ ಬಂತು." ಆಬರ್ನ್ ಹಿಲ್ಸ್‌ನ ಕಾರು ಕಂಪನಿಯ ಕೆಲಸ ಹೋಗಿ ಹನ್ನೊಂದು ವಾರ. ಇಪ್ಪತ್ತೆರಡು ವರ್ಷ ಡೈ ಎಂಜಿನಿಯರ್ ಆಗಿದ್ದವರು. ಡೈ ಅಂದರೆ ತಗಡು ಒತ್ತಿ ಕಾರಿನ ಬಾಗಿಲು ಮಾಡುವ ಉಕ್ಕಿನ ಅಚ್ಚು. ಆಗೆಲ್ಲ ಊಟಕ್ಕೆ ಕೂತರೂ ಅದೇ ಮಾತು. ಸಾಕು ನಿಲ್ಲಿಸಿ ಎಂದು ಬೈಯುತ್ತಿದ್ದೆ. ಈಗ ಬೈಯಲಿಕ್ಕೂ ಏನಿಲ್ಲ.

ಕ್ಯಾಟಲಾಗ್ ಮುಗಿಸಬೇಕು. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಅಚ್ಚಾದ ಆರು ಟ್ರಯೋಗಳು. ಎರಡು ಪಿಟೀಲು, ಒಂದು ಚೆಲ್ಲೋ. ಮುಖಪುಟದಲ್ಲಿ ರಚಿಸಿದವಳ ಹೆಸರು — ಮಿಸೆಸ್ ಹೆಸ್ಟರ್ ವಾಡ್ಲಿ. ಹೆಂಗಸು! ಬೇರೆಲ್ಲೂ ಪ್ರತಿ ಸಿಕ್ಕಿಲ್ಲ. ನಮ್ಮ ಪುಟ್ಟ ಸಂಗೀತ ಲೈಬ್ರರಿಯ ಕಪಾಟಿನಲ್ಲಿ ಅವಳನ್ನು ಕಂಡುಹಿಡಿದವಳು ನಾನು. ಹಿಗ್ಗು ಇನ್ನೂ ಇಳಿದಿಲ್ಲ. ಮೊದಲ ಹಾಳೆಯಲ್ಲಿ ಚಂದಾ ಕೊಟ್ಟವರ ಹೆಸರು, ಥೇಟ್ ನಮ್ಮ ಕನ್ನಡ ಕೂಟದ ಸುವನೀರ್. ಆರು ಪ್ರತಿ ಕೊಂಡವರ ಹೆಸರಿನ ಮುಂದೆ "ಆರು ಪ್ರತಿ" ಎಂದು ಮೆರೆಸಿದ್ದಾರೆ. ಮನುಷ್ಯರು ಬದಲಾಗುವುದಿಲ್ಲ ಬಿಡು.

ಜನವರಿ 29. ಗುರುವಾರ

ಡಾ. ಶೇಷಾದ್ರಿ ಬಂದಿದ್ದರು. ನಾರ್ತ್‌ವಿಲ್‌ನ ಹಾರ್ಟ್ ಡಾಕ್ಟರ್, ಲೈಬ್ರರಿಗೆ ಆಸರೆಯಾಗಿ ಉಳಿದಿರುವ ಒಬ್ಬರೇ ದಾನಿ. ಜೊತೆಗೆ ಮಗಳು ಆಶ್ರಿತಾ, ಹೈಸ್ಕೂಲು, ಪಿಟೀಲು ಚೆನ್ನಾಗಿ ನುಡಿಸುತ್ತಾಳೆ.

"ಪ್ರಭಾ ಅವರೇ, ಮಾರ್ಚ್‌ನಲ್ಲಿ ಕಾನ್ಸರ್ಟ್ ಇಡೋಣ. ನಿಮ್ಮ ಮಿಸೆಸ್ ವಾಡ್ಲಿ ಹೆಸರಲ್ಲೇ ನಿಮಗೊಂದು ಪೋಸ್ಟ್ ಮಾಡಿಸ್ತೀನಿ, ಸಂಬಳ ನಾನು ಕೊಡ್ತೀನಿ. ಎರಡು ವರ್ಷ ನೀವು ಯೋಚ್ನೆ ಮಾಡಬೇಡಿ."

"ಶಿ ಈಸ್ ಸೋ ಕೂಲ್, ಆಂಟಿ!" ಎಂದಳು ಆಶ್ರಿತಾ.

ಬಾತ್‌ರೂಮಿಗೆ ಹೋಗಿ ಅತ್ತೆ. ಈ ಪೋಸ್ಟ್ ಇಲ್ಲದಿದ್ದರೆ ಮಾರ್ಚ್ ಕೊನೆಗೆ ನನ್ನನ್ನೂ ತೆಗೆಯುತ್ತಾರೆ. ಮನೆಗಿರುವ ಒಂದೇ ಇನ್ಶೂರೆನ್ಸ್ ನನ್ನ ಕೆಲಸದ್ದು. ಕೇಶವ್‌ಗೆ ಸ್ಟೆಂಟ್ ಹಾಕಿ ಇನ್ನೂ ವರ್ಷ ತುಂಬಿಲ್ಲ. ದೇವರೇ, ಹೆಸ್ಟರಮ್ಮ ನಮ್ಮ ಮನೆದೇವರು.

ಫೆಬ್ರವರಿ 7. ಶನಿವಾರ, ಮಧ್ಯಾಹ್ನ 2

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಕೇಶವ್ ಬೇಜಾರಿಗೆ ಲೈಬ್ರರಿಯಲ್ಲೇ ನನ್ನ "ಅಪೂರ್ಣ" ಡಬ್ಬಿ ಜೋಡಿಸುತ್ತ ಕೂತಿದ್ದರು. ಆ ಕಾಲದಲ್ಲಿ ಮೂರೂ ವಾದ್ಯಗಳನ್ನು ಒಂದೇ ಹಾಳೆಯಲ್ಲಿ ಸೇರಿಸಿ ಅಚ್ಚು ಹಾಕುತ್ತಿರಲಿಲ್ಲ. ಒಬ್ಬೊಬ್ಬರ ಪಾಲಿಗೆ ಒಂದೊಂದು ಪುಸ್ತಕ. ಎರಡು ಕಳೆದರೆ ಮೂರನೆಯದು ಅನಾಥ. ಹಾಗೆ ಉಳಿದ ಯಾರೋ ಇಟಾಲಿಯನ್ನನ ಚೆಲ್ಲೋ ಪುಸ್ತಕ ಆ ಡಬ್ಬಿಯಲ್ಲಿತ್ತು. ಐದು ವರ್ಷದ ಹಿಂದೆ ಮುಖಪುಟ ನೋಡಿ ನಾನೇ ಹಾಕಿದ್ದು. ಒಳಗಿನದನ್ನು ಓದಿಯೇ ಇರಲಿಲ್ಲ. ಬರೀ ಚೆಲ್ಲೋ ಪಾಲನ್ನು ಯಾರು ಓದುತ್ತಾರೆ?

"ಪ್ರಭಾ, ಬಾ ಇಲ್ಲಿ. ಇವೆರಡೂ ಒಂದೇ ಡೈ ಕಣೇ."

"ಏನ್ರೀ ಹಾಗಂದ್ರೆ?"

"ಇವನ್ನ ತಗಡಿನ ಮೇಲೆ ಕೊರೆದು ಒತ್ತಿದ್ದು ಅಂತ ನೀನೇ ಹೇಳಿದ್ದೆಯಲ್ಲ. ಒಂಬತ್ತನೇ ಪುಟ ನೋಡು, ತಗಡು ಬಿರುಕು ಬಿಟ್ಟಿದೆ. ಇಟಾಲಿಯನ್ನನದರಲ್ಲಿ ಸ್ವರ ಬರೆಯೋ ಒಂದು ಗೆರೆ ತನಕ. ನಿನ್ನ ಹೆಸ್ಟರ್ ಚೆಲ್ಲೋ ಪುಸ್ತಕದಲ್ಲಿ ಅದೇ ಜಾಗ, ಮೂರು ಗೆರೆ ದಾಟಿದೆ. ಬಿರುಕು ಬೆಳೆಯುತ್ತೆ, ಕೂಡ್ಕೊಳ್ಳಲ್ಲ. ಅಂದ್ರೆ ಮೊದಲು ಅವನದು, ಆಮೇಲೆ ಇವಳದು. ಹಳೇ ತಗಡು ಯಾರೋ ಕೊಂಡಿದಾರೆ, ಮುಖಪುಟ ಒಂದು ಹೊಸದು ಹೊಡೆದಿದಾರೆ, ಮಾರಿದಾರೆ!"

ಭೂತಗನ್ನಡಿ ಹಿಡಿದು ನೋಡಿದೆ. ಒಂದೊಂದು ಸ್ವರವೂ ಅದೇ. ಹದಿಮೂರು ಪುಟವೂ ಅದೇ. ಹೆಸ್ಟರ್ ಕಳ್ಳಿಯೋ, ಅಂಗಡಿಯವನು ಕಟ್ಟಿದ ಸುಳ್ಳು ಹೆಸರೋ ಗೊತ್ತಿಲ್ಲ. ಸಂಗೀತವಂತೂ ಅವಳದಲ್ಲ.

ಕೇಶವ್ ಮಾತಾಡುತ್ತಲೇ ಇದ್ದರು. ಲೋಹ ಹೇಗೆ ದಣಿಯುತ್ತದೆ, ಯಾವ ಮೂಲೆಯಲ್ಲಿ ಮೊದಲು ಸೀಳುತ್ತದೆ... ಕಣ್ಣಲ್ಲಿ ಹಳೆಯ ಬೆಳಕು. ಹದಿಮೂರು ವಾರದಲ್ಲಿ ಮೊದಲ ಸಲ ನನ್ನ ಗಂಡ ನನಗೆ ಸಿಕ್ಕಿದ್ದರು. ಅದೇ ಗಳಿಗೆಯಲ್ಲಿ ನನ್ನ ಕಾಲ ಕೆಳಗಿನ ನೆಲ ಕುಸಿದಿತ್ತು. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ಎರಡೂ ಪುಸ್ತಕ ಮುಚ್ಚಿಟ್ಟರು.

ಫೆಬ್ರವರಿ 8. ಭಾನುವಾರ

ಕಾಫಿ ಲೋಟ ಮುಂದಿಟ್ಟು ಹೇಳಿದರು — "ನಾನು ನೋಡೇ ಇಲ್ಲ ಅಂದ್ಕೋ."

"ನೋಡಿದೀರಲ್ಲ."

"ಯಾರಿಗೆ ಗೊತ್ತಾಗುತ್ತೆ? ಮುನ್ನೂರು ವರ್ಷಕ್ಕೆ ಒಬ್ಬ ಡೈ ಎಂಜಿನಿಯರ್ ಆ ಡಬ್ಬಿ ತೆಗೀತಾನೆ. ಆ ಪೋಸ್ಟ್ ಬಿಡಬೇಡ."

ಎದ್ದು ಹೋದರು. ಅಸಹ್ಯವಾಗುತ್ತಿದೆ ನನ್ನ ಮೇಲೆ — ಸರಿ, ಹಾಗೇ ಮಾಡೋಣ ಅಂತ ಅರ್ಧ ಮನಸ್ಸು ಆಗಲೇ ಒಪ್ಪಿಬಿಟ್ಟಿದೆ.

ಫೆಬ್ರವರಿ 14. ಶನಿವಾರ, ಬೆಳಿಗ್ಗೆ 10.40

ಐದು ದಿನ ಏನೂ ಬರೆಯಲಿಲ್ಲ. ಸೋಮವಾರ ಕ್ಯಾಟಲಾಗ್ ಪ್ರೆಸ್ಸಿಗೆ. ಆಗುವುದಿಲ್ಲ ನನ್ನಿಂದ. ಕೇಶವ್ ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆಯಲು ಹೊರಗೆ ಹೋದರು. ಡಾಕ್ಟರಿಗೆ ಫೋನ್ ಮಾಡಿದೆ.

"ಡಾಕ್ಟ್ರೇ, ಆ ಟ್ರಯೋ ವಿಷಯ... ಅದನ್ನ ಅಚ್ಚು ಹಾಕಿದ ತಗಡಿನಲ್ಲಿ—"

"ಬಿರುಕಿನ ವಿಷಯ ತಾನೇ?" ಎಂದರು. ತುಂಬ ಮೆಲ್ಲಗೆ. "ನನಗೆ ಗೊತ್ತಮ್ಮ. ಕೇಶವ್ ಮೊನ್ನೆ ಫೋನ್ ಮಾಡಿದ್ರು."

"ಅವರಾ? ಏನಂದ್ರು?"

"ಪ್ರಭಾ ಏನಾದ್ರೂ ಹೇಳಿದ್ರೆ ನಂಬಬೇಡಿ ಅಂದ್ರು. ಕೆಲಸ ಹೋದಾಗಿನಿಂದ ನನ್ನ ತಲೆ ಸರಿ ಇಲ್ಲ, ಇಲ್ಲದ ಬಿರುಕೆಲ್ಲ ಕಾಣ್ತಿದೆ, ನನ್ನ ಮಾತು ಕೇಳಿ ಅವಳು ಹೆದರಿಕೊಂಡಿದಾಳೆ ಅಂದ್ರು. ಪಾಪ, ಅತ್ತರು. ಯಾರಿಗಾದ್ರೂ ತೋರಿಸೋಣ ಅವರನ್ನ. ನನ್ನ ಫ್ರೆಂಡ್ ಒಬ್ರಿದಾರೆ, ಅಪಾಯಿಂಟ್‌ಮೆಂಟ್ ಕೊಡಿಸ್ತೀನಿ."

ಐದು ನಿಮಿಷದಲ್ಲಿ ಮತ್ತೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಅರ್ಧ ಮಿಲಿಮೀಟರ್ ತಪ್ಪಿದರೆ ಕಾರ್ಖಾನೆಯ ಇಡೀ ಲೈನ್ ನಿಲ್ಲಿಸುತ್ತಿದ್ದವರು. ಯಾರ ಮುಂದೆಯೂ ತಲೆ ತಗ್ಗಿಸದವರು. ಉಳಿದದ್ದು ಆ ಕಣ್ಣೊಂದೇ. ಅದನ್ನೂ ಸುಳ್ಳು ಎಂದು ಹೇಳಿಕೊಂಡು ಬಂದಿದ್ದಾರೆ. ಪರರ ಮುಂದೆ. ಹುಚ್ಚ ಅನ್ನಿಸಿಕೊಂಡು. ನನಗೋಸ್ಕರ. ನಾನು ವಾರ ಪೂರ್ತಿ ಇನ್ನೊಂದು ಪೋಸ್ಟ್ ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಕೂತಿದ್ದೆ, ಛೀ.

10.52

ಕಿಟಕಿಯಾಚೆ ಇನ್ನೂ ಹಿಮ ಎತ್ತುತ್ತಿದ್ದಾರೆ. ಎದೆ ನೋವು ಬಂದೀತು, ಒಳಗೆ ಕರೆಯಬೇಕು. ಮೊದಲು ಫೋನ್.

ರಿಂಗ್ ಆಗುತ್ತಿದೆ. ಸ್ಪೀಕರ್‌ನಲ್ಲಿ ಇಟ್ಟಿದ್ದೇನೆ. ಹೇಳಬೇಕಾದ್ದನ್ನು ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಮತ್ತೆ ಹೇಳದೆ ಇಟ್ಟುಬಿಡುತ್ತೇನೆ — ಡಾಕ್ಟ್ರೇ, ಕ್ಯಾಟಲಾಗ್ ನಿಲ್ಲಿಸಿ. ನನ್ನ ಗಂಡನ ತಲೆ ಸರಿಯಾಗಿದೆ. ಅವರು ಕಂಡದ್ದು ನಿಜ. ಐದು ವರ್ಷ ಆ ಡಬ್ಬಿ ಇಟ್ಟುಕೊಂಡು ಕಾಣದೆ ಇದ್ದವಳು ನಾ